ಏರಿಯ ಮೇಲಿನ ದೀಪಕ್ಕಿಂತ ಮೊದಲು

ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಹುಟ್ಟುವ ಯಗಚಿ ನಮ್ಮ ಚಿಕ್ಕಮಗಳೂರಿನ ಪಕ್ಕದಲ್ಲಿ ಹಾದು ಬೇಲೂರಿನ ಬಳಿಯ ಜಲಾಶಯವನ್ನು ಸೇರುತ್ತದೆ, ಮತ್ತು ಅದೇ ಜಲಾಶಯದ ನೀರನ್ನು ನಾವೂ ಕುಡಿಯುತ್ತೇವೆ. ಊರಿನ ಕೊಳಚೆ ಹರಿಯುವುದನ್ನು ಕಂಡು ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇಂದು ಸಂಜೆ ಊರಿನ ಕೆರೆಯೊಂದರ ಏರಿಯ ಮೇಲೆ ನಿಂತಿದ್ದೆ. ಮಳೆನೀರು ಬರಬೇಕಾದ ಕಾಲುವೆಯ ಬಾಯಿಯಲ್ಲಿ ಬೂದುಬಣ್ಣದ ಬಚ್ಚಲು ನೀರು ಸಾಬೂನಿನ ನೊರೆ ಹೊತ್ತು ಇಳಿಯುತ್ತಿತ್ತು, ಆ ನೊರೆಯ ಅಂಚಿನಲ್ಲೇ ಜೊಂಡು ಸೊಂಪಾಗಿ ಬೆಳೆದಿತ್ತು. ಕೊಳಚೆಯಲ್ಲಿರುವ ಸಾರಜನಕ, ರಂಜಕಗಳೇ ಕಳೆಗೆ ಗೊಬ್ಬರ. ತ್ಯಾಜ್ಯವನ್ನು ಅರಗಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಬಳಸಿಕೊಂಡಾಗ ಮೀನುಗಳು ಸಾಯುತ್ತವೆ. ಸ್ನಾನಕ್ಕೆ ಯೋಗ್ಯವೆನಿಸಲು ಲೀಟರ್ ನೀರಿನಲ್ಲಿ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕವಾದರೂ ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ.

ಕೆರೆಯ ಅಭಿವೃದ್ಧಿಗೆಂದು ಮಾಡುವ ಹೂಳೆತ್ತುವುದು, ನಡಿಗೆ ಪಥ, ದೀಪದ ಕಂಬ ಬೇಡವೆಂದಲ್ಲ. ಕಳೆ ತೆಗೆಯಲು ಕೆಸರಿಗಿಳಿಯುವ ಕಾರ್ಮಿಕರ ಶ್ರಮದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಪ್ರತಿ ಮನೆಗೂ ಒಳಚರಂಡಿ ಸಂಪರ್ಕ ಸಿಕ್ಕಿ, ಆ ನೀರು ಶುದ್ಧೀಕರಣ ಘಟಕವನ್ನು ತಲುಪದ ಹೊರತು ತೆಗೆದ ಕಳೆ ಮತ್ತೆ ಬೆಳೆಯುತ್ತದೆ. ಯಾವ ಬೀದಿಯ ಕೊಳಚೆ ಯಾವ ಕಾಲುವೆಗೆ ಸೇರುತ್ತಿದೆ, ಎಷ್ಟು ಮನೆಗಳ ಸಂಪರ್ಕ ಬಾಕಿಯಿದೆ ಎಂಬ ಪಟ್ಟಿಯನ್ನು ವಾರ್ಡುವಾರು ಪ್ರಕಟಿಸಬೇಕೆಂದು ನಮ್ಮ ಬಡಾವಣೆಯವರೆಲ್ಲ ಸೇರಿ ಮನವಿ ಬರೆಯುತ್ತಿದ್ದೇವೆ.