ತಲೆ ಮುಟ್ಟಿದರೆ ಅಟ್ಟಿಸಿಕೊಂಡು ಹೋಗುವ ಬೆಲ್ಟ್ರೆ ಮತ್ತು ಭದ್ರಾವತಿಯ ನಮ್ಮಪ್ಪ

ಕಳೆದ ಶನಿವಾರ ಮಗನ ಬೇಸ್‌ಬಾಲ್ ತಂಡ ಹೀನಾಯವಾಗಿ ಸೋತಿತು. ಕಾರಿನ ಹಿಂದಿನ ಸೀಟಿನಲ್ಲಿ ಅವನೂ ಅವನ ಗೆಳೆಯನೂ ಬಿಟ್ಟ ಕ್ಯಾಚೊಂದನ್ನು ನೆನೆದುಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರು. ಬೇಸಿಗೆ ಕಳೆಯಲು ಭದ್ರಾವತಿಯಿಂದ ಟೆಕ್ಸಸ್ಸಿನ ನಮ್ಮ ಮನೆಗೆ ಬಂದಿರುವ ಅಪ್ಪ ಮುಂದೆ ಕುಳಿತಿದ್ದರು; ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ಗೆಳೆಯನನ್ನು ಅವನ ಮನೆಯ ಮುಂದೆ ಇಳಿಸಿ ನಾವು ಮನೆಯೊಳಗೆ ಕಾಲಿಟ್ಟದ್ದೇ ತಡ, "ಸೋತು ಬಂದವರು ಹೀಗೆ ಹಲ್ಲು ಕಿಸಿಯುತ್ತಾರೇನೋ? ಸ್ವಲ್ಪವಾದರೂ ನಾಚಿಕೆ ಬೇಡವೇ?" ಎಂದು ಗದರಿದರು.

ಮಗ ಶೂ ಬಿಚ್ಚುತ್ತಿದ್ದವನು ತಲೆ ಎತ್ತಿ ಹೇಳಿದ: "ಅಜ್ಜ, ಬೆಲ್ಟ್ರೆ ಸೋಲುತ್ತಿದ್ದಾಗಲೂ ನಗುತ್ತಿದ್ದ. ಅವನಷ್ಟು ಚೆನ್ನಾಗಿ ಆಡುವುದಕ್ಕೆ ನಿಮಗೆ ಗೊತ್ತಿರುವ ಯಾರಿಗಾದರೂ ಆಗುತ್ತದಾ?"

ಅಪ್ಪನಿಗೆ ಬೆಲ್ಟ್ರೆ ಯಾರೆಂದು ತಿಳಿಯದು. ನನಗೆ ಮಾತ್ರ ಎದೆ ತುಂಬಿ ಬಂತು. ಆ ಹೆಸರನ್ನು ಈ ಮನೆಗೆ ತಂದವಳು ನಾನೇ.

ಆಡ್ರಿಯನ್ ಬೆಲ್ಟ್ರೆ ಟೆಕ್ಸಸ್ ರೇಂಜರ್ಸ್ ಎಂಬ ಬೇಸ್‌ಬಾಲ್ ತಂಡಕ್ಕೆ ಬಂದದ್ದು 2011ರಲ್ಲಿ. ಆಗಲೇ ಲಾಸ್ ಏಂಜಲೀಸ್, ಸಿಯಾಟಲ್, ಬಾಸ್ಟನ್ ತಂಡಗಳಿಗೆ ಆಡಿ ಮುಗಿಸಿದ್ದ, ಮೂವತ್ತು ದಾಟಿದ್ದ ಆಟಗಾರ. ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಮೇಷ್ಟರೊಬ್ಬರಿದ್ದಾರೆ, ಹುಟ್ಟಿದಾಗಿನಿಂದ ಇದೇ ಊರು. ನನಗೆ ಈ ಆಟ ಒಂದಿಷ್ಟೂ ಅರ್ಥವಾಗದ ಕಾಲದಲ್ಲಿ ಆರ್ಲಿಂಗ್ಟನ್ನಿನ ಹಳೆಯ ಮೈದಾನಕ್ಕೆ ಕರೆದುಕೊಂಡು ಹೋದವರು ಅವರು. ಆ ಮೈದಾನಕ್ಕೆ ಚಾವಣಿ ಇರಲಿಲ್ಲ. ಟೆಕ್ಸಸ್ಸಿನ ಜುಲೈ ಬಿಸಿಲಿನಲ್ಲಿ ನೆತ್ತಿ ಕಾದು, ಆಟ ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿದ್ದೆ. ಅಷ್ಟರಲ್ಲಿ ಚೆಂಡೊಂದು ಮುಗಿಲಿಗೆ ಏರಿತು. ಓಡುವವರು ಮುಟ್ಟಬೇಕಾದ ಬೇಸ್‌ಗಳಲ್ಲಿ ಮೂರನೆಯದನ್ನು, ಅಂದರೆ ಥರ್ಡ್ ಬೇಸನ್ನು, ಕಾಯುವ ಬೆಲ್ಟ್ರೆ ಅದರ ಕೆಳಗೆ ನಿಂತ. ಪಕ್ಕದಲ್ಲೇ, ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವಿನ ಶಾರ್ಟ್‌ಸ್ಟಾಪ್ ಸ್ಥಾನದ ಎಲ್ವಿಸ್ ಆಂಡ್ರೂಸ್ ಓಡಿ ಬಂದು, ತಾನೇ ಹಿಡಿಯುವವನಂತೆ ಕೈಗವಸು ಚಾಚಿ ಕಾಡತೊಡಗಿದ. ಬೆಲ್ಟ್ರೆ ಕ್ಯಾಚ್ ಹಿಡಿದ, ಹಿಡಿದ ಮರುಕ್ಷಣವೇ ಆಂಡ್ರೂಸ್‌ನತ್ತ ಕಣ್ಣು ಕೆಕ್ಕರಿಸಿದ. ಕಷ್ಟದ ಚೆಂಡು, ಕೋಟ್ಯಂತರ ರೂಪಾಯಿ ಸಂಬಳದ ಇಬ್ಬರು ಆಟಗಾರರು, ನಡುವೆ ಅಣ್ಣತಮ್ಮಂದಿರ ಕಿತ್ತಾಟ. ಅಂದಿನಿಂದ ನಾನು ಅವನ ಆಟ ಬಿಡಲಿಲ್ಲ.

ಅವನ ತಲೆಯ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ಯಾರಾದರೂ ತಲೆ ಮುಟ್ಟಿದರೆ ಅವನಿಗೆ ಆಗುವುದಿಲ್ಲ. ಆಗುವುದಿಲ್ಲವೆಂದು ತಿಳಿದ ಮೇಲೆ ತಂಡದವರು ಬಿಟ್ಟಾರೆಯೇ? ಬೆಲ್ಟ್ರೆ ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರಿನಂಥ ಹೊಡೆತ) ಹೊಡೆದು ಬಂದಾಗಲೆಲ್ಲ ಆಂಡ್ರೂಸ್ ಹಿಂದಿನಿಂದ ಬಂದು ನೆತ್ತಿ ಸವರುತ್ತಿದ್ದ, ಬೆಲ್ಟ್ರೆ ಅಟ್ಟಿಸಿಕೊಂಡು ಹೋಗುತ್ತಿದ್ದ. ನಮ್ಮಲ್ಲಿ ಹಿರಿಯರು ನೆತ್ತಿಯ ಮೇಲೆ ಕೈಯಿಟ್ಟು ಹರಸುವುದನ್ನು ನೋಡಿ ಬೆಳೆದ ನನಗೆ, ಹರಸಲು ಬಂದ ಕೈಯಿಂದ ತಪ್ಪಿಸಿಕೊಳ್ಳುವ ಈ ಹಿರಿಯ ಆಟಗಾರನನ್ನು ಕಂಡರೆ ಹೇಳತೀರದ ಅಕ್ಕರೆ. 2024ರ ಜುಲೈನಲ್ಲಿ ಕೂಪರ್ಸ್‌ಟೌನಿನಲ್ಲಿ ಅವನನ್ನು ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿಸಿದ ದಿನ, ಆ ಗಂಭೀರ ವೇದಿಕೆಯ ಮೇಲೂ ಮತ್ತೊಬ್ಬ ಮಾಜಿ ಆಟಗಾರ ಡೇವಿಡ್ ಒರ್ಟಿಜ್ ಬಂದು ತಲೆ ಮುಟ್ಟಿಯೇಬಿಟ್ಟ. ಟಿವಿಯ ಮುಂದೆ ನಾನೂ ಮಗನೂ ಎದ್ದು ಕುಣಿದೆವು.

ಇದನ್ನೆಲ್ಲ ಅಪ್ಪನಿಗೆ ವಿವರಿಸಿದರೆ, "ಕೋಡಂಗಿಯಾಟ ಆಡುವವನನ್ನು ಅಷ್ಟು ಹೊಗಳುತ್ತೀಯಲ್ಲ" ಎಂದರು. ಆಗ ನಾನು ಲೆಕ್ಕ ಒಪ್ಪಿಸಿದೆ. 21 ಋತು, 3166 ಹಿಟ್ (ಬೇಸ್ ಮುಟ್ಟಿಸುವ ಹೊಡೆತ), 477 ಹೋಮ್ ರನ್. ಡೊಮಿನಿಕನ್ ಗಣರಾಜ್ಯದಲ್ಲಿ ಹುಟ್ಟಿದವರಲ್ಲಿ 3000 ಹಿಟ್ ಮುಟ್ಟಿದ ಮೊದಲಿಗ. ಹಾಲ್ ಆಫ್ ಫೇಮ್‌ನ ಮತದಾನದಲ್ಲಿ ಮೊದಲ ವರ್ಷವೇ ಶೇ 95ಕ್ಕೂ ಹೆಚ್ಚು ಮತ. 2015ರಲ್ಲಿ ಹೆಬ್ಬೆರಳಿನ ಅಸ್ಥಿರಜ್ಜು ಹರಿದಿದ್ದರೂ ಆಡುತ್ತಲೇ ಇದ್ದ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದು ಋತು ಮುಗಿದ ಮೇಲೆ. ಹೀಗೆ ನೋವು ನುಂಗಿ ಆಡಿದವನ ನಗುವನ್ನು ಹುಡುಗಾಟವೆಂದು ತಳ್ಳಿಹಾಕಲು ನನಗಂತೂ ಸಾಧ್ಯವಿಲ್ಲ.

ಮಗ ಹೇಳಿದ ಸೋಲಿನ ಕಥೆ ನಡೆದದ್ದು 2017ರ ಜುಲೈ 26ರಂದು. ಮಯಾಮಿ ತಂಡ ಅಂದು 22 ರನ್ ಹೊಡೆದು ರೇಂಜರ್ಸ್ ತಂಡದ ಮಾನ ಕಳೆದಿತ್ತು, ನಮ್ಮದು 10. ಬೆಲ್ಟ್ರೆ ತನ್ನ ಸರದಿಗಾಗಿ ಕಾಯುತ್ತಿದ್ದ. ಕಾಯುವವರು ನಿಲ್ಲಬೇಕಾದ ವೃತ್ತಾಕಾರದ ಮ್ಯಾಟ್ ಒಂದಿರುತ್ತದೆ. ಅವನು ಅದರಿಂದ ದೂರ ನಿಂತಿದ್ದ. ಅಂಪೈರ್, ಮ್ಯಾಟಿನ ಬಳಿ ಹೋಗಿ ನಿಲ್ಲು ಎಂದರು. ಬೆಲ್ಟ್ರೆ ನಡೆದು ಹೋಗಿ ಮ್ಯಾಟನ್ನೇ ಎಳೆದು ತಂದು ತಾನು ನಿಂತಿದ್ದಲ್ಲಿ ಹಾಸಿ, ಅದರ ಮೇಲೆ ನಿಂತ! ಅಂಪೈರ್ ಅವನನ್ನು ಆಟದಿಂದಲೇ ಹೊರಗೆ ಕಳಿಸಿದರು. ಆಗ ಅವನ 3000ನೇ ಹಿಟ್‌ಗೆ ನಾಲ್ಕೇ ಬಾಕಿ. ಬೇರೆ ಯಾರಾದರೂ ಆಗಿದ್ದರೆ ದಾಖಲೆಯ ಚಿಂತೆಯಲ್ಲಿ ಮುಖ ಬಿಗಿದುಕೊಂಡಿರುತ್ತಿದ್ದರು. ನಾಲ್ಕು ದಿನದ ನಂತರ ಬಾಲ್ಟಿಮೋರ್ ವಿರುದ್ಧ ಡಬಲ್ (ಎರಡನೇ ಬೇಸ್ ಮುಟ್ಟಿಸುವ ಹೊಡೆತ) ಬಾರಿಸಿ 3000 ತಲುಪಿದಾಗ ಅವನ ಮಕ್ಕಳು ಮೈದಾನಕ್ಕೆ ಓಡಿ ಬಂದರು. ಪಕ್ಕದ ಮನೆಯ ಮೇಷ್ಟರು ಅಂದು ಮಗುವಿನಂತೆ ಅತ್ತಿದ್ದರು.

ಅವರಿಗೆ ಈಗಲೂ ಉಳಿದಿರುವ ಸಂಕಟ ಒಂದೇ. ಬೇಸ್‌ಬಾಲ್ ಪಟ್ಟ ತೀರ್ಮಾನಿಸುವ ಸರಣಿಯಾದ ವರ್ಲ್ಡ್ ಸೀರೀಸ್‌ನ 2011ರ ಆರನೇ ಪಂದ್ಯದಲ್ಲಿ ಎರಡು ಸಲ, ಇನ್ನೊಂದೇ ಒಂದು ಸ್ಟ್ರೈಕ್ (ಮೂರು ಬಿದ್ದರೆ ಬ್ಯಾಟ್ ಮಾಡುವವನು ಔಟ್) ಬಿದ್ದರೆ ಪಟ್ಟ ರೇಂಜರ್ಸ್‌ದು ಎನ್ನುವ ಹಂತಕ್ಕೆ ಬಂದು ಕೈತಪ್ಪಿತು. ಕೊನೆಗೆ ತಂಡ ಗೆದ್ದದ್ದು 2023ರಲ್ಲಿ, ಬೆಲ್ಟ್ರೆ ಆಟ ನಿಲ್ಲಿಸಿ ಐದು ವರ್ಷವಾಗಿತ್ತು. ಆ ಪಟ್ಟ ಅವನಿಗೆ ಸಿಗಬೇಕಿತ್ತು. ನನಗೂ ಅದು ಅನ್ಯಾಯವೆಂದೇ ಅನ್ನಿಸುತ್ತದೆ.

ಮಗನ ಮಾತು ನನ್ನನ್ನು ಕಾಡಿದ್ದಕ್ಕೆ ಬೇರೆಯೇ ಕಾರಣವಿದೆ. ಅಣ್ಣ ಶಾಲೆಯ ಕ್ರಿಕೆಟ್ ತಂಡದಲ್ಲಿದ್ದ. ಕವರ್‌ನಲ್ಲಿ ಅವನನ್ನು ದಾಟಿ ಚೆಂಡು ಹೋಗುತ್ತಿರಲಿಲ್ಲ. ಜೊತೆಗೆ ಬಾಯಿ ನಿಲ್ಲುತ್ತಿರಲಿಲ್ಲ. ಬ್ಯಾಟ್ ಮಾಡುವವನನ್ನೂ ನಗಿಸುವ ಹುಡುಗ. ಒಮ್ಮೆ ಪಂದ್ಯ ಸೋತು ಗೆಳೆಯರ ಹೆಗಲ ಮೇಲೆ ಕೈಹಾಕಿಕೊಂಡು ನಗುತ್ತ ಬಂದ. ಕಾರ್ಖಾನೆಯ ಪಾಳಿ ಮುಗಿಸಿ ಬಂದಿದ್ದ ಅಪ್ಪ ಅಂಗಳದಲ್ಲೇ ಕೆನ್ನೆಗೆ ಹೊಡೆದರು. ಅಣ್ಣ ಆ ಮೇಲೂ ಕೆಲವು ಕಾಲ ಆಡಿದ, ಆದರೆ ಮುಖ ಗಂಟಿಕ್ಕಿಕೊಂಡು. ಪಿ.ಯು. ಮುಗಿಯುವ ಹೊತ್ತಿಗೆ ಬ್ಯಾಟು ಅಟ್ಟ ಸೇರಿತ್ತು. ಶಾಲೆಯಲ್ಲೂ ಅಷ್ಟೇ: ನಗುವವನು ಬೇಜವಾಬ್ದಾರಿ, ಸಿಡುಕುವವನು ಶ್ರದ್ಧಾವಂತ. ನಮ್ಮೂರುಗಳಲ್ಲಿ ಹೀಗೆ ಎಷ್ಟು ಮಕ್ಕಳ ಆಟ ಒಣಗಿ ಹೋಯಿತೋ ಎಂದು ನೆನೆದರೆ ಸಿಟ್ಟು ಬರುತ್ತದೆ.

ಆದರೆ ಇದೇ ಅಪ್ಪ ಜಿ.ಆರ್. ವಿಶ್ವನಾಥ್ ಹೆಸರೆತ್ತಿದರೆ ಕರಗುತ್ತಾರೆ. ವಿಶ್ವನಾಥ್ ಹುಟ್ಟಿದ್ದು ಭದ್ರಾವತಿಯಲ್ಲಿ ಎಂಬುದನ್ನು ಹೇಳದೆ ಅವರು ಯಾರ ಜೊತೆಗೂ ಕ್ರಿಕೆಟ್ ಮಾತು ಮುಗಿಸಿದ್ದಿಲ್ಲ. 1980ರಲ್ಲಿ ಮುಂಬೈಯ ಸುವರ್ಣ ಮಹೋತ್ಸವ ಟೆಸ್ಟ್‌ನಲ್ಲಿ ಭಾರತದ ನಾಯಕರಾಗಿದ್ದ ಅವರು, ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್‌ನನ್ನು ವಾಪಸು ಕರೆದು ಆಡಿಸಿದರು. ಟೇಲರ್ ನಿಂತ, ಬಾಥಮ್ ಶತಕ ಹೊಡೆದ, ಭಾರತ ಸೋತಿತು. ಭಾನುವಾರ ಬೆಳಿಗ್ಗೆ ಕಾಫಿಯ ಹೊತ್ತಿಗೆ ನಾನು ಕೇಳಿದೆ, "ಅಪ್ಪ, ಆ ಸೋಲಿನ ಕಥೆಯನ್ನು ನೀವು ಇಷ್ಟು ವರ್ಷ ಹೆಮ್ಮೆಯಿಂದಲೇ ಹೇಳಿದಿರಲ್ಲ?"

ಅಪ್ಪ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೊಮ್ಮಗನನ್ನು ಕರೆದು, "ಎಲ್ಲಿ, ಆ ನಿನ್ನ ಬೆಲ್ಟ್ರೆಯನ್ನು ತೋರಿಸು" ಎಂದರು. ಮ್ಯಾಟ್ ಎಳೆದದ್ದನ್ನು ನೋಡುವಾಗ ಬಿಗಿದ ತುಟಿಯನ್ನು ಸಡಿಲಿಸಲಿಲ್ಲ. ಆದರೆ ನಿಧಾನವಾಗಿ ಉರುಳಿ ಬರುವ ಚೆಂಡನ್ನು ಓಡುತ್ತಲೇ ಬರಿಗೈಯಲ್ಲಿ ಎತ್ತಿ, ಅದೇ ಓಟದಲ್ಲಿ ಫಸ್ಟ್ ಬೇಸ್‌ಗೆ ಎಸೆಯುವ ಬೆಲ್ಟ್ರೆಯ ಪ್ರಸಿದ್ಧ ವರಸೆ ಬಂದಾಗ, "ಇನ್ನೊಮ್ಮೆ ಹಾಕು" ಎಂದರು. ಮತ್ತೂ ಒಮ್ಮೆ. ಆಮೇಲೆ ಕನ್ನಡಕ ಒರೆಸಿಕೊಂಡು ನನ್ನತ್ತ ತಿರುಗಿ, "ನಿನ್ನ ಅಣ್ಣನೂ ಹೀಗೆಯೇ ಎತ್ತುತ್ತಿದ್ದ. ಅವನಿಗೆ ಕಳಿಸು ಇದನ್ನು" ಎಂದರು.

ಎರಡೂ ವಿಡಿಯೊ ಕಳಿಸಿದೆ. ಊರಿನಲ್ಲಿ ರಾತ್ರಿ ಊಟದ ಹೊತ್ತಾಗಿರಬೇಕು, ಅಣ್ಣ ಕೂಡಲೇ ಫೋನ್ ಮಾಡಿದ. ನಗು ತಡೆಯಲಾಗದೆ, "ಮ್ಯಾಟ್ ಎಳೆದದ್ದಕ್ಕೇ ಹೊರಗೆ ಹಾಕಿದರೇನೇ?" ಎಂದು ಎರಡೆರಡು ಸಲ ಕೇಳಿದ. ನಾನು ಫೋನನ್ನು ಅಪ್ಪನ ಕೈಗೆ ಕೊಟ್ಟೆ. ಅಪ್ಪ ಕುಶಲ ಕೇಳುವುದನ್ನೂ ಮರೆತು, ಓಡುವಾಗ ಭುಜವನ್ನು ತಿರುಗಿಸದೆ ಬರೀ ಮಣಿಕಟ್ಟಿನಿಂದ ಅಷ್ಟು ದೂರ ಹೇಗೆ ಎಸೆಯುತ್ತಾನೆಂದು ವಾದಕ್ಕಿಳಿದರು. ಭುಜವೂ ತಿರುಗುತ್ತದೆ, ಸರಿಯಾಗಿ ನೋಡಿ ಎಂದು ಅಣ್ಣ ಆ ಕಡೆಯಿಂದ ಪಟ್ಟು ಹಿಡಿದ. ಮಗ ಅಜ್ಜನ ಪಕ್ಕದಲ್ಲಿ ನಿಂತು ಮಾವನ ಪರ ವಹಿಸಿದ.