ಗೇರ್ ಬಾಕ್ಸ್ ಎಣ್ಣೆಗೆ ಒಗ್ಗರಣೆ ಟೆಸ್ಟ್: ಜೂನ್‌ನಿಂದ ಇಲ್ಲಿಯವರೆಗೆ

ಜೂನ್, ಮೊದಲ ವಾರ

ಹೋದ ಡಿಸೆಂಬರಿನಲ್ಲಿ, ಸುಗ್ಗಿಯ ಮಧ್ಯದಲ್ಲಿ, ಭತ್ತದ ಲಾರಿಗಳು ಗೇಟಿನಾಚೆ ಸಾಲಾಗಿ ನಿಂತಿದ್ದಾಗ ನಮ್ಮ ಅಕ್ಕಿ ಮಿಲ್ಲಿನ ಎಲಿವೇಟರ್ ಕೈಕೊಟ್ಟಿತು. ದಾವಣಗೆರೆ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಭದ್ರಾ ಕಾಲುವೆಯ ಭತ್ತ ಬಂದರೆ ಒಮ್ಮೆಲೇ ಬರುತ್ತದೆ, ಆಗ ಅರ್ಧ ದಿನ ನಿಂತರೂ ಸಾಹುಕಾರ್ರ ಮುಖ ನೋಡೋಕಾಗಲ್ಲ. ನಮ್ಮದು ಎರಡೂವರೆ ದಿನ ನಿಂತಿತು.

ಬೇಯಿಸಿದ ಭತ್ತವನ್ನು ಡ್ರೈಯರಿಗೆ ಎತ್ತಿ ಹಾಕುವ ಎಲಿವೇಟರ್ ಅದು. ಮೇಲಿನ ಗೇರ್ ಬಾಕ್ಸ್ ಬಿಚ್ಚಿದರೆ ಒಳಗಿನ ಕಂಚಿನ ಗಾಲಿಯ ಹಲ್ಲುಗಳು ಸವೆದು ಸವೆದು ಚಾಕುವಿನ ಬಾಯಿಯ ಹಾಗೆ ಆಗಿದ್ದವು. ಬೆರಳಿಟ್ಟರೆ ಕೊಯ್ಯುವಷ್ಟು. ತಮಾಷೆ ಏನು ಅಂದರೆ ಎಣ್ಣೆಯನ್ನು ಆರು ತಿಂಗಳಿಗೊಮ್ಮೆ ತಪ್ಪದೆ ಬದಲಾಯಿಸಿದ್ದೇವೆ. ರಿಜಿಸ್ಟರಿನಲ್ಲಿ ನನ್ನದೇ ಸಹಿ ಇದೆ.

ಅಂದರೆ ಎಣ್ಣೆ ಬದಲಾಯಿಸೋದು ಬೇರೆ, ಎಣ್ಣೆ ಹೇಗಿದೆ ಅಂತ ನೋಡೋದು ಬೇರೆ. ನಾವು ನೋಡುತ್ತಿದ್ದದ್ದು ಹೇಗೆ? ಎರಡು ಬೆರಳಲ್ಲಿ ತಿಕ್ಕಿ, ಮೂಸಿ, 'ಕಪ್ಪಾಗಿದೆ' ಅನ್ನೋದು. ಕಣ್ಣಿಗೆ ಕಾಣುವ ಕಣ ಸುಮಾರು 40 ಮೈಕ್ರಾನಿನಿಂದ ಮೇಲೆ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ). ಬೇರಿಂಗು, ಗೇರನ್ನು ನಿಧಾನವಾಗಿ ತಿನ್ನುವ ಕಣಗಳೆಲ್ಲ ಅದಕ್ಕಿಂತ ಸಣ್ಣವು. ಕಣ್ಣನ್ನು ನಂಬಿ ಕೂತಿದ್ದಕ್ಕೆ ಡಿಸೆಂಬರಿನ ಬಿಲ್ಲು ಸಾಕ್ಷಿ.

ಹೀಗಾಗಿ ಮಳೆಗಾಲದಲ್ಲಿ, ಕೆಲಸ ಕಡಿಮೆ ಇರುವಾಗ, ಮಿಲ್ಲಿನಲ್ಲೇ ಎಣ್ಣೆ ಪರೀಕ್ಷೆ ಮಾಡೋ ಒಂದು ಸಣ್ಣ ಮೂಲೆ ಕಟ್ಟೋಣ ಅಂತ ಹೊರಟಿದ್ದೇನೆ. ಕಂಪ್ರೆಸರ್ ಶೆಡ್ಡಿನಲ್ಲಿ ಒಂದು ಮೇಜು ಸಿಕ್ಕಿದೆ.

ಜೂನ್, ಮೂರನೇ ವಾರ

ಮೊದಲು ಸ್ಯಾಂಪಲ್ ತೆಗೆಯೋದನ್ನೇ ಕಲಿಯಬೇಕಾಯಿತು. ಇಷ್ಟು ವರ್ಷ ಡ್ರೈನ್ ಪ್ಲಗ್ ಸಡಿಲಿಸಿ ಬಾಟಲಿಗೆ ಹಿಡಿಯುತ್ತಿದ್ದೆ. ಅದು ತಪ್ಪು. ತಳದಲ್ಲಿ ವರ್ಷಗಟ್ಟಲೆಯ ಕೆಸರು ಕೂತಿರುತ್ತದೆ, ಅದು ಎಣ್ಣೆಯ ಕಥೆ ಹೇಳಲ್ಲ, ಕಸದ ಕಥೆ ಹೇಳುತ್ತದೆ. ಮೆಷಿನ್ ಓಡಿ ಬಿಸಿಯಾಗಿರುವಾಗ, ನಿಲ್ಲಿಸಿದ ಕೂಡಲೇ, ಎಣ್ಣೆಯ ಮಟ್ಟದ ನಡುಮಧ್ಯದಿಂದ ಎಳೆಯಬೇಕು. ಅದಕ್ಕೆ ಮೆಡಿಕಲ್ ಶಾಪಿನಿಂದ 50 ಎಂಎಲ್ ಸಿರಿಂಜು, ಜೊತೆಗೆ ಗ್ಲೂಕೋಸ್ ಹಾಕುವ ಟ್ಯೂಬು ತಂದೆ. ಅಂಗಡಿಯವರು 'ಯಾರಿಗೆ ಹುಷಾರಿಲ್ಲ' ಅಂತ ಕೇಳಿದರು. ಗೇರ್ ಬಾಕ್ಸಿಗೆ ಅಂದೆ. ನಕ್ಕರು, ಆದರೆ ಡಿಸ್ಕೌಂಟ್ ಕೊಡಲಿಲ್ಲ.

ಟ್ಯೂಬಿಗೆ ಒಂದು ತೆಳು ಕಡ್ಡಿ ಕಟ್ಟಿ, ಎಷ್ಟು ಆಳಕ್ಕೆ ಇಳಿಸಬೇಕು ಅಂತ ಕಡ್ಡಿಯ ಮೇಲೆ ಬ್ಲೇಡಿನಲ್ಲಿ ಗುರುತು ಹಾಕಿದ್ದೇನೆ. ಒಂದೊಂದು ಮೆಷಿನ್ನಿಗೆ ಒಂದೊಂದು ಕಡ್ಡಿ. ಪ್ರತಿ ಸಲ ಅದೇ ಜಾಗ, ಅದೇ ಆಳ. ಈ ಇಡೀ ಕೆಲಸದಲ್ಲಿ ಯಾವುದೇ ಉಪಕರಣಕ್ಕಿಂತ ಈ ಕಡ್ಡಿಗಳೇ ಜಾಸ್ತಿ ಉಪಯೋಗಕ್ಕೆ ಬರ್ತಿವೆ ಅಂತ ಈಗಲೇ ಅನಿಸುತ್ತಿದೆ, ಯಾಕಂದರೆ ಹೋದ ಸಲದ ಎಣ್ಣೆಯ ಜೊತೆ ಈ ಸಲದ್ದನ್ನು ಹೋಲಿಸಲು ಆಗದಿದ್ದರೆ ಟೆಸ್ಟ್ ಮಾಡಿ ಏನು ಪ್ರಯೋಜನ ಅಲ್ವಾ?

ಸದ್ಯಕ್ಕೆ ಐದು ಜಾಗ: ಎರಡು ಎಲಿವೇಟರ್, ಭತ್ತದ ಹೊಟ್ಟು ಬಿಡಿಸುವ ಶೆಲ್ಲರಿನ ಗೇರ್ ಬಾಕ್ಸ್, ಬಾಯ್ಲರಿನ ಫ್ಯಾನ್, ಬಣ್ಣ ನೋಡಿ ಅಕ್ಕಿ ಆರಿಸುವ ಸಾರ್ಟೆಕ್ಸಿಗೆ ಗಾಳಿ ಕೊಡುವ ಸ್ಕ್ರೂ ಕಂಪ್ರೆಸರ್.

ಜುಲೈ 3

ನೀರಿನ ಟೆಸ್ಟ್. ಲೋಹದ ತಟ್ಟೆಯನ್ನು 160 ಡಿಗ್ರಿಗೆ ಕಾಯಿಸಿ ಅದರ ಮೇಲೆ ಒಂದು ತೊಟ್ಟು ಎಣ್ಣೆ ಬಿಡಬೇಕು, ಅಷ್ಟೇ. ನೀರಿದ್ದರೆ ಗುಳ್ಳೆ ಏಳುತ್ತದೆ, ಜಾಸ್ತಿ ಇದ್ದರೆ ಚಟಪಟ ಸದ್ದು ಬರುತ್ತದೆ. ಹಸಿ ಕರಿಬೇವು ಒಗ್ಗರಣೆಗೆ ಬಿದ್ದ ಹಾಗೆ. ನಮ್ಮ ಹುಡುಗ ಇದಕ್ಕೆ ಒಗ್ಗರಣೆ ಟೆಸ್ಟ್ ಅಂತಲೇ ಹೆಸರಿಟ್ಟಿದ್ದಾನೆ.

ಮೊದಲು ಹಳೇ ಇಸ್ತ್ರಿಪೆಟ್ಟಿಗೆಯನ್ನು ಮಗುಚಿಟ್ಟು ಮಾಡಿದೆ. ಮುಟ್ಟದೆ ದೂರದಿಂದಲೇ ಬಿಸಿ ಅಳೆಯುವ ಗನ್ ಥರ್ಮಾಮೀಟರ್ 70 ತೋರಿಸ್ತಾ ಇತ್ತು, ಎಣ್ಣೆ ಮಾತ್ರ ಬಿದ್ದ ತಕ್ಷಣ ಹೊಗೆ. ಹೊಳೆಯುವ ಲೋಹದ ಮೇಲೆ ಆ ಗನ್ ಸುಳ್ಳು ಹೇಳುತ್ತದೆ, ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಕಪ್ಪು ಮೇಲ್ಮೈ ಬೇಕು. ಮನೆಗೆ ಹೋಗಿ ಅಟ್ಟದ ಮೇಲಿದ್ದ ಹಳೇ ದೋಸೆ ಹೆಂಚು ತಂದೆ. ಮೂವತ್ತು ವರ್ಷ ದೋಸೆ ಹೊಯ್ದು ಕರಿ ಕಟ್ಟಿದ ಹೆಂಚು, ಅದರ ಮೇಲೆ ಗನ್ ಸರಿಯಾಗಿ ಓದುತ್ತದೆ. ಎಲೆಕ್ಟ್ರಿಕ್ ಒಲೆಯ ಮೇಲೆ ಇಟ್ಟು 155ರಿಂದ 165ರ ನಡುವೆ ಹಿಡಿಯೋದು ಅಭ್ಯಾಸ ಆಗಿದೆ. ಕನ್ನಡಕ ಹಾಕಿಕೊಳ್ಳದೆ ಮಾಡಬೇಡಿ, ತೊಟ್ಟು ಸಿಡಿದರೆ ನೇರ ಮುಖಕ್ಕೇ ಬರುತ್ತದೆ. ಹೆಂಚು 200 ದಾಟಲು ಬಿಡಬೇಡಿ.

ಸಾಹುಕಾರ್ರು ಆ ಕಡೆ ಬಂದವರು ನೋಡಿ, 'ಏನಪ್ಪಾ, ಊರಲ್ಲಿರೋ ಬೆಣ್ಣೆ ದೋಸೆ ಹೋಟೆಲ್ ಸಾಲಲ್ಲ ಅಂತ ಇಲ್ಲೂ ಶುರು ಮಾಡಿದ್ಯಾ?' ಅಂದರು.

ಫಲಿತಾಂಶ: ಶೆಲ್ಲರ್ ಸುಮ್ಮನಿತ್ತು. ಫ್ಯಾನ್ ಸುಮ್ಮನಿತ್ತು. ಕಂಪ್ರೆಸರಿನಲ್ಲಿ ಒಂದೆರಡು ಸಣ್ಣ ಗುಳ್ಳೆ, ಬಂದು ಹೋದವು. ಬೇಯಿಸಿದ ಭತ್ತದ ಎಲಿವೇಟರ್, ಅದೇ ಡಿಸೆಂಬರಿನ ಪಾರ್ಟಿ, ಚಟಪಟ ಅಂದಿತು. ಸಣ್ಣ ಗುಳ್ಳೆ ಎದ್ದು ಕೂಡಲೇ ಮಾಯವಾದರೆ ನೀರು ಸುಮಾರು 0.05ರಿಂದ 0.1 ಶೇಕಡಾ. ಸದ್ದು ಕೇಳಿದರೆ 0.2 ದಾಟಿದೆ ಅಂತ ಲೆಕ್ಕ. 0.05ಕ್ಕಿಂತ ಕಡಿಮೆ ನೀರು ಈ ಹೆಂಚಿಗೆ ಗೊತ್ತಾಗಲ್ಲ. ಗೇರ್ ಬಾಕ್ಸಿಗೆ ಇಷ್ಟು ಸಾಕು, ಹೈಡ್ರಾಲಿಕ್ ಇರುವವರಿಗೆ ಸಾಲದು.

ಜುಲೈ 12

ಎಲಿವೇಟರ್ ಎಣ್ಣೆ ಪೂರ್ತಿ ಇಳಿಸಿ ಬ್ಯಾರಲಿನಿಂದ ಹೊಸದು ತುಂಬಿದೆವು. ಕೆಳಗೆ ಭತ್ತ ಬೇಯುವ ಟ್ಯಾಂಕಿನ ಹಬೆಯೆಲ್ಲ ಮೇಲಕ್ಕೇ ಬರುತ್ತದೆ, ಬ್ರೀದರ್, ಅಂದರೆ ಗೇರ್ ಬಾಕ್ಸಿಗೆ ಗಾಳಿಯಾಡಲು ಬಿಟ್ಟಿರುವ ತೂತು, ಅದನ್ನು ಎಳೆದುಕೊಳ್ಳುತ್ತಿದೆ ಅಂತ ನನ್ನ ಅಂದಾಜು. ಗೇರ್ ಬಾಕ್ಸ್ ಓಡುವಾಗ ಬಿಸಿಯಾಗಿ ಗಾಳಿ ಹೊರಗೆ ಬಿಡುತ್ತದೆ, ನಿಂತಾಗ ತಣ್ಣಗಾಗಿ ಒಳಗೆಳೆಯುತ್ತದೆ. ದಿನಕ್ಕೆರಡು ಸಲ ಉಸಿರಾಡಿದ ಹಾಗೆ. ಬ್ರೀದರಿಗೆ ತಗಡಿನ ಟೋಪಿ ಹಾಕಿಸಿದೆ, ಆಯಿಲ್ ಸೀಲ್ ಎರಡೂ ಹೊಸದು.

ಜುಲೈ 15

ಮೂರು ದಿನಕ್ಕೇ ಮತ್ತೆ ಚಟಪಟ. ತಲೆ ಕೆಟ್ಟುಹೋಯಿತು.

ಜುಲೈ 21

ನೀರಿನ ವಿಷಯ ಬದಿಗಿಟ್ಟು ಎಣ್ಣೆಯ ದಪ್ಪ ಅಳೆಯೋಣ ಅಂತ ಕೂತೆ. ಪೇಂಟ್ ಅಂಗಡಿಯಲ್ಲಿ ಬಿ4 ಕಪ್ ಅಂತ ಸಿಗುತ್ತದೆ, ತಳದಲ್ಲಿ ತೂತಿರುವ ಲೋಟ. ಪೇಂಟ್ ಎಷ್ಟು ತೆಳು ಮಾಡಬೇಕು ಅಂತ ನೋಡಲು ಅವರು ಬಳಸುತ್ತಾರೆ. ಎಣ್ಣೆ ತುಂಬಿ, ಬೆರಳು ತೆಗೆದು, ಧಾರೆ ಮುರಿಯುವವರೆಗೆ ಎಷ್ಟು ಸೆಕೆಂಡ್ ಅಂತ ಎಣಿಸೋದು.

ನಮ್ಮ ಗೇರ್ ಬಾಕ್ಸಿಗೆಲ್ಲ ವಿಜಿ 320 ಹಾಕುತ್ತೇವೆ. ಆ 320 ಅಂದರೆ 40 ಡಿಗ್ರಿಯಲ್ಲಿ ಎಣ್ಣೆಯ ದಪ್ಪ, ಸೆಂಟಿಸ್ಟೋಕ್ಸ್ ಲೆಕ್ಕದಲ್ಲಿ. ಹತ್ತು ಶೇಕಡಾ ಆ ಕಡೆ ಈ ಕಡೆ ಇದ್ದರೂ ಅದನ್ನು 320 ಅಂತಲೇ ಮಾರಬಹುದು. ಮೊದಲ ದಿನ ನಾನು ಹಾಗೇ ಶೆಡ್ಡಿನ ತಂಪಿನಲ್ಲಿ ಅಳೆಯಲು ಹೋದೆ, ಧಾರೆ ಜೋನಿಬೆಲ್ಲದ ಥರ ಇಳೀತಾ ಕೂತಿತು, ಚಹಾ ಕುಡಿದು ಬಂದರೂ ಮುಗಿದಿರಲಿಲ್ಲ ಅನ್ನಿ. ಹತ್ತು ಡಿಗ್ರಿ ತಣ್ಣಗಾದರೆ ಈ ಎಣ್ಣೆ ಒಂದೂವರೆ ಪಟ್ಟಿಗಿಂತ ಜಾಸ್ತಿ ಗಟ್ಟಿಯಾಗುತ್ತದೆ. ಹಾಗಾಗಿ ಬಕೆಟ್ಟಿನಲ್ಲಿ ಬಿಸಿನೀರಿಟ್ಟು, ಬಾಟಲಿ ಅದರಲ್ಲಿ ಮುಳುಗಿಸಿ, ಸರಿಯಾಗಿ 40ಕ್ಕೆ ತಂದು ಅಳೆಯಬೇಕು. ಏಪ್ರಿಲ್ ಆಗಿದ್ದರೆ ದಾವಣಗೆರೆಯ ಬಿಸಿಲೇ ಆ ಕೆಲಸ ಮಾಡಿಬಿಡುತ್ತಿತ್ತು.

ಹೊಸ ಎಣ್ಣೆ 88 ಸೆಕೆಂಡ್. ಎರಡನೇ ಎಲಿವೇಟರ್ 86. ಶೆಲ್ಲರ್ 69! ಎಣ್ಣೆ ಐದನೇ ಒಂದು ಭಾಗಕ್ಕಿಂತ ಜಾಸ್ತಿ ತೆಳ್ಳಗಾಗಿದೆ. ಇದಕ್ಕೆ ಕಾರಣ ಹುಡುಕಲು ಐದು ನಿಮಿಷವೂ ಬೇಕಾಗಲಿಲ್ಲ. ಹುಡುಗನನ್ನು ಕರೆದು ಯಾವ ಕ್ಯಾನಿನಿಂದ ಟಾಪ್ ಅಪ್ ಮಾಡ್ತೀಯ ಅಂತ ಕೇಳಿದೆ. 'ಅದೇ ಅಣ್ಣಾ, ಬಾಗಿಲ ಹತ್ರ ಇರೋದು.' ಬಾಗಿಲ ಹತ್ತಿರ ಇರೋದು ವಿಜಿ 68, ಲಾರಿ ಎತ್ತುವ ಹೈಡ್ರಾಲಿಕ್ಕಿಗೆ ತಂದದ್ದು. ಅವನ ತಪ್ಪಲ್ಲ, ಕ್ಯಾನಿನ ಮೇಲೆ ಏನೂ ಬರೆದಿರಲಿಲ್ಲ. ಈಗ ಗೇರ್ ಎಣ್ಣೆಯ ಕ್ಯಾನು ಕೆಂಪು, ಹೈಡ್ರಾಲಿಕ್ ಹಳದಿ, ಕಂಪ್ರೆಸರ್ ನೀಲಿ, ಗೇರ್ ಬಾಕ್ಸಿನ ಮುಚ್ಚಳಕ್ಕೂ ಅದೇ ಬಣ್ಣ.

ಕಂಪ್ರೆಸರಿನ ವಿಜಿ 46 ಈ ಕಪ್ಪಿಗೆ ಆಗಿ ಬರಲ್ಲ. ಸರ್ರಂತ ಇಳಿದುಹೋಗುತ್ತದೆ, ಅಳತೆ ಅಂತ ನಂಬುವ ಹಾಗಿಲ್ಲ.

ಜುಲೈ 22

ಇವತ್ತಿನದು ಬರೆಯಲು ಸ್ವಲ್ಪ ನಾಚಿಕೆ. ನಿನ್ನೆ ದಪ್ಪ ಅಳೆದ ಹೊಸ ಎಣ್ಣೆ ಲೋಟದಲ್ಲಿ ಉಳಿದಿತ್ತು, ಹೆಂಚೂ ಕಾದಿತ್ತು, ಸುಮ್ನೆ ಒಂದು ತೊಟ್ಟು ಬಿಟ್ಟೆ. ಚಟ್ ಚಟ್ ಚಟ್.

ಹೊಸ ಎಣ್ಣೆ ಸ್ವಾಮಿ! ಯಾವ ಮೆಷಿನ್ನಿಗೂ ಹಾಕದೇ ಇರೋದು.

ಶೆಡ್ಡಿನ ಹಿಂದೆ ಹೋಗಿ ಬ್ಯಾರಲ್ ನೋಡಿದೆ. 210 ಲೀಟರಿನ ಬ್ಯಾರಲ್, ಹೋದ ವರ್ಷದ ಮಳೆಗೆ ಮುಂಚೆ ತರಿಸಿದ್ದು, ಬಯಲಿನಲ್ಲಿ ನೆಟ್ಟಗೆ ನಿಂತಿದೆ. ಮೇಲಿನ ಅಂಚಿನೊಳಗೆ ಎರಡು ಬೆರಳಷ್ಟು ಮಳೆನೀರು, ಅದರಲ್ಲಿ ಬೇವಿನ ಎಲೆ ತೇಲುತ್ತಿವೆ, ಸಣ್ಣ ಬಿರಡೆಯ ಸುತ್ತ ತುಕ್ಕಿನ ಬಳೆ. ಬಿರಡೆ ಬಿಗಿಯಾಗೇ ಇತ್ತು. ಆದರೂ ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಬಿರಡೆಯ ಮರೆಯಿಂದ ಹೊರಹೋಗುತ್ತದೆ, ರಾತ್ರಿ ತಣ್ಣಗಾದಾಗ ಮೇಲೆ ನಿಂತ ನೀರನ್ನೇ ಹೀರಿಕೊಳ್ಳುತ್ತದೆ. ಗೇರ್ ಬಾಕ್ಸ್ ಉಸಿರಾಡುತ್ತದೆ ಅಂತ ಹತ್ತು ದಿನದ ಹಿಂದೆ ನಾನೇ ಬರೆದಿದ್ದೆ. ಬ್ಯಾರಲ್ಲೂ ಉಸಿರಾಡುತ್ತದೆ ಅಂತ ಹೊಳೆಯಲೇ ಇಲ್ಲ.

ಹ್ಯಾಂಡ್ ಪಂಪಿನ ಪೈಪನ್ನು ತಳಕ್ಕೆ ಇಳಿಸಿ ಎಳೆದರೆ ಮೊದಲು ಬಂದದ್ದು ಹೆಚ್ಚು ಕಡಿಮೆ ಮೂರು ಲೀಟರ್ ಬರೀ ನೀರು, ಆಮೇಲೆ ಮಜ್ಜಿಗೆ ಬಣ್ಣದ್ದು. ಅಂದರೆ ಇಷ್ಟು ದಿನ ಆರು ತಿಂಗಳಿಗೊಮ್ಮೆ ತಪ್ಪದೆ, ಸಹಿ ಮಾಡಿ, ಗೇರ್ ಬಾಕ್ಸಿಗೆ ನೀರು ಕುಡಿಸುತ್ತಾ ಬಂದಿದ್ದೇನೆ.

ಹೊಸ ಎಣ್ಣೆಯನ್ನು ಮೊದಲ ದಿನವೇ ಹೆಂಚಿಗೆ ಹಾಕಿದ್ದರೆ ಮೂರು ವಾರ ಉಳಿಯುತ್ತಿತ್ತು. ನೀವು ಶುರು ಮಾಡುವುದಾದರೆ ಬ್ಯಾರಲಿನಿಂದ ಶುರು ಮಾಡಿ.

ಹೊಸ ಬ್ಯಾರಲ್ ಈಗ ಒಳಗೆ, ಮರದ ದಿಮ್ಮಿಗಳ ಮೇಲೆ ಅಡ್ಡ ಮಲಗಿದೆ. ಎರಡು ಬಿರಡೆಗಳೂ ಗಡಿಯಾರದ 3 ಮತ್ತು 9ರ ಜಾಗದಲ್ಲಿ ಬರುವ ಹಾಗೆ ಇಟ್ಟರೆ ಬ್ಯಾರಲ್ ಅರ್ಧಕ್ಕಿಂತ ಜಾಸ್ತಿ ತುಂಬಿರುವವರೆಗೆ ಬಿರಡೆ ಒಳಗಡೆಯಿಂದ ಎಣ್ಣೆಯಲ್ಲಿ ಮುಳುಗಿರುತ್ತದೆ, ಗಾಳಿ ಹೀರಲು ದಾರಿ ಇರಲ್ಲ. ಹಳೇ ಎಣ್ಣೆ ಬೇಲಿಯ ಗೇಟಿನ ಚೈನಿಗೆ, ಕೀಲಿಗೆ.

ಆಗಸ್ಟ್, ಎರಡನೇ ವಾರ

ಎಲಿವೇಟರ್ ಎಣ್ಣೆಯಲ್ಲಿ ಲೋಹ ಎಷ್ಟಿದೆ ಅಂತ ನೋಡಿದೆ. 25 ಎಂಎಲ್ ಎಣ್ಣೆಗೆ ಎರಡರಷ್ಟು ಟರ್ಪೆಂಟೈನ್ ಸೇರಿಸಿ ತೆಳು ಮಾಡಿ, ಫಿಲ್ಟರ್ ಪೇಪರಿನ ಮೂಲಕ ಕೈ ವ್ಯಾಕ್ಯೂಮ್ ಪಂಪಿನಿಂದ ಎಳೆದು, ಒಣಗಿದ ಪೇಪರನ್ನು 60 ಪಟ್ಟಿನ ಪಾಕೆಟ್ ಮೈಕ್ರೋಸ್ಕೋಪಿನಲ್ಲಿ ನೋಡೋದು. ಹೆಂಚಿನಿಂದ ದೂರ, ಹೊರಗೆ, ಬೆಂಕಿ ಇಲ್ಲದ ಕಡೆ.

ಪೇಪರಿನ ಮೇಲೆ ಒಂದು ಸಣ್ಣ ಊರೇ ಇತ್ತು. ಹಳದಿಯಾಗಿ ಮಿನುಗುವ ಚೂರುಗಳು, ಅಯಸ್ಕಾಂತ ಹಿಡಿದರೆ ಅಲ್ಲಾಡಲ್ಲ, ಹಾಗಾಗಿ ಕಂಚು, ಗಾಲಿಯದ್ದು. ಕಪ್ಪು ಪುಡಿ ಅಯಸ್ಕಾಂತದ ಹಿಂದೆ ಓಡುತ್ತದೆ, ಅದು ಕಬ್ಬಿಣ. ಇನ್ನೊಂದು, ಬೆಳ್ಳಗೆ ಸೂಜಿಯಂಥದ್ದು, ಮೊದಲು ಅರ್ಥವಾಗಲಿಲ್ಲ. ಶೆಡ್ಡಿನ ನೆಲದಿಂದ ಒಂದು ಚಿಟಿಕೆ ಭತ್ತದ ಹೊಟ್ಟಿನ ಧೂಳು ತಂದು ಪಕ್ಕದಲ್ಲಿ ಇಟ್ಟು ನೋಡಿದೆ, ಅದೇ. ಹೊಟ್ಟಿನಲ್ಲಿ ಸಿಲಿಕಾ ತುಂಬಾ, ಸುಟ್ಟ ಬೂದಿಯಲ್ಲಂತೂ ಶೇಕಡಾ 85ಕ್ಕಿಂತ ಜಾಸ್ತಿ ಸಿಲಿಕಾನೇ. ಅಂದರೆ ಮರಳು. ನೀರು ಕುಡಿದ ಎಣ್ಣೆಯಲ್ಲಿ ಮರಳು ಹಾಕಿ ಕಂಚಿನ ಗಾಲಿ ತಿಕ್ಕಿದ್ದೇವೆ, ಹಲ್ಲು ಚಾಕುವಾಗದೆ ಇನ್ನೇನಾಗಬೇಕು.

ಒಂದು ಬಾಟಲಿ ಬೆಂಗಳೂರಿನ ಲ್ಯಾಬಿಗೂ ಕಳಿಸಿದೆ, ನನ್ನ ಹೆಂಚು ಎಷ್ಟು ನಂಬಬಹುದು ಅಂತ ತಿಳಿಯಲು. ನೀರು 0.24 ಶೇಕಡಾ ಅಂತ ಬಂತು. ಹೆಂಚು 0.2 ದಾಟಿದೆ ಅಂದಿತ್ತು. ಹೆಂಚಿಗೆ ಒಂದು ನಮಸ್ಕಾರ ಹಾಕಿದೆ. ಆದರೆ ಆಮ್ಲ ಎಷ್ಟು ಏರಿದೆ, ಕಣಗಳು ಲೆಕ್ಕದಲ್ಲಿ ಎಷ್ಟು ಅನ್ನೋದು ಲ್ಯಾಬಿನದೇ ಕೆಲಸ. ಐಎಸ್ಒ 4406 ಅಂತ ಮೂರು ಸಂಖ್ಯೆಯಲ್ಲಿ ಬರೆದು ಕಳಿಸುತ್ತಾರೆ, 4, 6, 14 ಮೈಕ್ರಾನಿಗಿಂತ ದೊಡ್ಡ ಕಣಗಳು ಒಂದು ಎಂಎಲ್‌ನಲ್ಲಿ ಎಷ್ಟು ಅಂತ. ಸಂಖ್ಯೆ ಒಂದು ಏರಿದರೆ ಕಣ ಎರಡು ಪಟ್ಟು. ವರ್ಷಕ್ಕೆರಡು ಸಲ ಕಳಿಸಿದರೆ ನಮಗೆ ಸಾಕು.

ಸೆಪ್ಟೆಂಬರ್ 9

ಒಣ ಬ್ಯಾರಲಿನ ಎಣ್ಣೆ ತುಂಬಿದ ಮೇಲೆ ಎಲಿವೇಟರ್ ಎರಡು ವಾರ ಹೆಂಚಿನ ಮೇಲೆ ಸುಮ್ಮನಿತ್ತು. ಮೂರನೇ ವಾರ ಸಣ್ಣ ಗುಳ್ಳೆ. ಅಂದರೆ ಹಬೆಯ ಅಂದಾಜೂ ಪೂರ್ತಿ ಸುಳ್ಳಲ್ಲ, ತಗಡಿನ ಟೋಪಿ ಸಾಲದು.

ಟ್ರಾನ್ಸ್‌ಫಾರ್ಮರ್ ಬ್ರೀದರಿಗೆ ಹಾಕುವ ನೀಲಿ ಸಿಲಿಕಾ ಜೆಲ್ ಅರ್ಧ ಕೆಜಿ ತಂದು, ಒಂದು ಪಾರದರ್ಶಕ ಪೈಪಿನಲ್ಲಿ ತುಂಬಿ, ಎರಡೂ ಕಡೆ ಸಣ್ಣ ಜಾಲರಿ, ಸ್ಪಂಜು ಇಟ್ಟು ಗೇರ್ ಬಾಕ್ಸಿನ ಬ್ರೀದರ್ ಜಾಗಕ್ಕೆ ಕೂರಿಸಿದ್ದೇನೆ. ಒಳಗೆ ಹೋಗುವ ಗಾಳಿ ಮೊದಲು ಸ್ಪಂಜಿನಲ್ಲಿ ಹೊಟ್ಟು ಬಿಡಬೇಕು, ಆಮೇಲೆ ಜೆಲ್‌ನಲ್ಲಿ ನೀರು ಬಿಡಬೇಕು. ನೀರು ಹೀರಿದಷ್ಟೂ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನೆಲದಿಂದಲೇ ಮೊಬೈಲ್ ಜೂಮ್ ಮಾಡಿ ನೋಡಬಹುದು, ನಲವತ್ತು ಅಡಿ ಏಣಿ ಹತ್ತುವ ಕೆಲಸ ಉಳಿಯಿತು.

ಸೆಪ್ಟೆಂಬರ್ 20

ಹನ್ನೊಂದು ದಿನಕ್ಕೆ ಕೆಳಗಿನಿಂದ ಮೂರು ಬೆರಳು ಗುಲಾಬಿ. ಎಣ್ಣೆ ಹೆಂಚಿನ ಮೇಲೆ ಸುಮ್ಮನಿದೆ. ಸುಗ್ಗಿಯಲ್ಲಿ ದಿನವಿಡೀ ಹಬೆ ಏಳುವಾಗ ಈ ಅರ್ಧ ಕೆಜಿ ಎಷ್ಟು ದಿನ ತಡೆಯುತ್ತದೋ, ಅದನ್ನು ನವೆಂಬರಿನಲ್ಲಿ ಬರೆಯುತ್ತೇನೆ. ಗುಲಾಬಿಯಾದ ಜೆಲ್ಲನ್ನು 120 ಡಿಗ್ರಿಯ ಹತ್ತಿರ ಹುರಿದರೆ ಮತ್ತೆ ನೀಲಿಯಾಗುತ್ತದೆ, ಮೊದಲ ಕಂತು ಇವತ್ತೇ ಹುರಿದೆ. ಆ ನೀಲಿ ಬಣ್ಣ ವಿಷ, ಹಾಗಾಗಿ ಮನೆಯಲ್ಲಿ ಹೆಂಚು ವಾಪಸ್ ಕೇಳಿದಾಗ ಕೊಡಲಿಲ್ಲ, ಹೊಸದು ಕೊಡಿಸಿದ್ದೇನೆ. ಅದರಲ್ಲಿ ದೋಸೆ ಇನ್ನೂ ಅಂಟುತ್ತಿದೆಯಂತೆ.