ರಾಷ್ಟ್ರಕೂಟರು ಯಾಕೆ ಬಿದ್ದರು ಅಂತ ಕೇಳುವವರಿಗೆ

ನಾನು 15 ವರ್ಷದಿಂದ ರಾಷ್ಟ್ರಕೂಟರ ಶಾಸನಗಳನ್ನು ಓದುತ್ತಿದ್ದೇನೆ. ಈ ವಿಷಯ ಗೊತ್ತಾದರೆ ಸಾಕು, ಮದುವೆ ಮನೆಯಿರಲಿ, ರೈಲಿರಲಿ, ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಅಷ್ಟು ದೊಡ್ಡ ಸಾಮ್ರಾಜ್ಯ, ಆಮೇಲೆ ಯಾಕೆ ಬಿತ್ತು?" ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಚಿಕ್ಕ ಉತ್ತರ ಸಾಕು ಅನ್ನುವವರು ಇಷ್ಟು ಓದಿ ಹೋಗಬಹುದು. 972ರಲ್ಲಿ ಮಾಳವದ ಪರಮಾರ ರಾಜ ಸೀಯಕ ಮಾನ್ಯಖೇಟಕ್ಕೆ ನುಗ್ಗಿ ಲೂಟಿ ಮಾಡಿದ. ಮಾನ್ಯಖೇಟ ಅಂದರೆ ಇವತ್ತಿನ ಮಳಖೇಡ, ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕು, ಕಾಗಿಣಾ ನದಿಯ ದಡ. ಮರುವರ್ಷ ಚಾಲುಕ್ಯರ ತೈಲಪ, ರಾಷ್ಟ್ರಕೂಟ ರಾಜ ಎರಡನೇ ಕರ್ಕನನ್ನು ಸೋಲಿಸಿ ತಾನೇ ರಾಜನಾದ.

ಆದರೆ ಇಷ್ಟಕ್ಕೆ ಯಾರೂ ಬಿಡುವುದಿಲ್ಲ. ಯಾಕೆಂದರೆ ಕೇಳುವವರ ಹತ್ತಿರ ಉತ್ತರ ಆಗಲೇ ಇರುತ್ತದೆ, ನನ್ನಿಂದ ಒಂದು ಹೌದು ಬೇಕಾಗಿರುತ್ತದೆ ಅಷ್ಟೇ. ಹೋದ ವರ್ಷ ಒಂದು ಮದುವೆಯಲ್ಲಿ ಊಟಕ್ಕೆ ಕೂತಿದ್ದೆ. ಎಲೆಗೆ ಹೋಳಿಗೆ ಬಿದ್ದಿತ್ತು, ತುಪ್ಪ ಇನ್ನೂ ನಾಲ್ಕು ಎಲೆ ಆಚೆ ಇತ್ತು. ಪಕ್ಕದಲ್ಲಿದ್ದ ಹಿರಿಯರು ನನ್ನ ಕಡೆ ತಿರುಗಿ, "ಅಲ್ಲಮ್ಮಾ, ಅವರು ಜೈನರಾದ್ರು, ಅಹಿಂಸೆ ಅಂತ ಕತ್ತಿ ಕೆಳಗಿಟ್ರು, ಅದಕ್ಕೇ ಮುಳುಗಿದ್ರು, ಅಲ್ವಾ?" ಅಂದರು. ಅಲ್ಲ ಸಾರ್, ಅಲ್ಲವೇ ಅಲ್ಲ. ರಾಷ್ಟ್ರಕೂಟ ರಾಜ ಅಮೋಘವರ್ಷನ ದಂಡನಾಯಕ ಬಂಕೇಯ ಜೈನ, ಬಂಕಾಪುರ ಅನ್ನುವ ಊರಿಗೆ ಅವನದೇ ಹೆಸರು. ರಾಷ್ಟ್ರಕೂಟರ ಸಾಮಂತರಾದ ಗಂಗರ ರಾಜ ಮಾರಸಿಂಹ ಜೈನ. ರಾಷ್ಟ್ರಕೂಟರ ಪರವಾಗಿ ಅವನು ಉತ್ತರಕ್ಕೂ ಹೋಗಿ ಕಾದಾಡಿದವನು. ಅವನ ಮಂತ್ರಿ ಚಾವುಂಡರಾಯನೂ ಜೈನ, ಅವನೂ ಯುದ್ಧ ಮಾಡಿದವನೇ. ಇವರಲ್ಲಿ ಕತ್ತಿ ಕೆಳಗಿಟ್ಟವರು ಯಾರು? ನಾನು ಇದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ತುಪ್ಪ ಹಿಡಿದವನು ಮುಂದಿನ ಸಾಲಿಗೆ ಹೋಗಿದ್ದ. ಹಿರಿಯರು "ಏನೋಪ್ಪಾ, ನಾವು ಕೇಳಿದ್ದು ಹಾಗೆ" ಅಂದು ಪಾಯಸಕ್ಕೆ ಕೈ ಹಾಕಿದರು.

ನನಗೆ ಸಿಟ್ಟು ಬರುವುದು "ಯಾಕೆ ಬಿದ್ದರು" ಅನ್ನುವ ಮಾತಿಗೇ. ಬಚ್ಚಲಲ್ಲಿ ಯಾರೋ ಕಾಲು ಜಾರಿ ಬಿದ್ದ ಹಾಗೆ ಕೇಳುತ್ತಾರೆ. ನೆಲ ಒದ್ದೆ ಇತ್ತಾ, ಯಾರದು ತಪ್ಪು?

ನಿಮಗೆ ಒಂದು ಕಲ್ಲು ತೋರಿಸುತ್ತೇನೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲಿನ ಮೇಲೆ ಒಂದು ನಾಯಿ ಕಾಡುಹಂದಿಯ ಮೇಲೆ ಬಿದ್ದು ಕಾದಾಡುತ್ತಿದೆ. ಸುತ್ತ ಹಳಗನ್ನಡ ಅಕ್ಷರ. 949ರಲ್ಲಿ ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನಿಗೂ ಚೋಳರಿಗೂ ಯುದ್ಧವಾಯಿತು. ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದವನು ಗಂಗರ ಬೂತುಗ. ಕೃಷ್ಣ ಮೆಚ್ಚಿ ಅವನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70, ಇಷ್ಟು ನಾಡುಗಳನ್ನೂ ಕೊಟ್ಟ (ಆ ಅಂಕಿ ನಾಡಿನ ಹೆಸರಿನ ಜೊತೆಗೇ ಬರುವಂಥದ್ದು). ಬೂತುಗನ ಜೊತೆ ಕಾದಾಡಿದ ಭಟ ಮಣಲೇರ. ಬೂತುಗ ಅವನಿಗೆ ಮೆಚ್ಚಿದೆ, ಏನು ಬೇಕೋ ಕೇಳು ಅಂದ. ಮಣಲೇರ ಕೇಳಿದ್ದು ಬೂತುಗನ ನಾಯಿಯನ್ನು! ಅದರ ಹೆಸರು ಕಾಳಿ. ಆಮೇಲೆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು, ಎರಡೂ ಸತ್ತವು. ಅದರ ನೆನಪಿಗೆ ಈ ಕಲ್ಲು. ಕಲ್ಲಿಗೆ ಎರಡು ಖಂಡುಗ ಜಮೀನು ಬಿಟ್ಟಿದ್ದಾರೆ, ಪೂಜೆ ಮಾಡದೆ ಉಂಡ ಗೊರವನಿಗೆ (ಶೈವ ಪೂಜಾರಿಗೆ) ಆ ನಾಯಿಯ ಪಾಪ ಅಂತ ಬರೆಸಿದ್ದಾರೆ.

ಕಾಳಿಯ ಕತೆ ಕೇಳಿ ಎಲ್ಲರೂ ಖುಷಿಪಡುತ್ತಾರೆ. ನಾನೂ ಮೊದಲ ಸಲ ಓದಿದಾಗ ಆ ಕಲ್ಲಿನ ಮುಂದಿನಿಂದ ಎದ್ದು ಬರಲಿಕ್ಕೆ ಮನಸ್ಸಾಗಿರಲಿಲ್ಲ. ಆದರೆ ಅದಕ್ಕೆ ಮುಂಚಿನ ಸಾಲನ್ನು ಇನ್ನೊಮ್ಮೆ ನೋಡಿ. ಒಂದು ಗೆಲುವಿಗೆ ಎಷ್ಟು ನಾಡು ಕೈಬಿಟ್ಟು ಹೋಯಿತು! ರಾಷ್ಟ್ರಕೂಟರ ರಾಜ್ಯ ನಡೆದದ್ದೇ ಹೀಗೆ. ದಂಡು ತರುವವನಿಗೆ ನಾಡು ಕೊಡುವುದು. ತೈಲಪನಿಗೂ ಇದೇ ಕೃಷ್ಣ ವಿಜಯಪುರದ ಕಡೆಯ ತರ್ದವಾಡಿ 1000 ಕೊಟ್ಟಿದ್ದ. ಕೃಷ್ಣ ಇರುವ ತನಕ ಎಲ್ಲರೂ ದಂಡು ತಂದರು. 967ರಲ್ಲಿ ಕೃಷ್ಣ ಹೋದ, ತಮ್ಮ ಖೊಟ್ಟಿಗ ಬಂದ, ಐದು ವರ್ಷದೊಳಗೆ ಸೀಯಕ ಊರ ಬಾಗಿಲಲ್ಲಿದ್ದ. ತರ್ದವಾಡಿಯ ತೈಲಪ ಆ ಹೊತ್ತಿಗೆ ತನ್ನದೇ ಲೆಕ್ಕ ಹಾಕಿಕೊಂಡಾಗಿತ್ತು.

ಹಾಗಾದರೆ ಕೊಟ್ಟಿದ್ದೇ ತಪ್ಪಾ? ಇಲ್ಲೇ ನೋಡಿ ನನಗೆ ಯಾರೂ ಕೇಳದ ಪ್ರಶ್ನೆ ಇರುವುದು. 753ರ ಸುಮಾರಿಗೆ ದಂತಿದುರ್ಗ ಬಾದಾಮಿ ಚಾಲುಕ್ಯರನ್ನು ಕೆಡವಿದ, ಅವನೂ ಚಾಲುಕ್ಯರ ಸಾಮಂತನೇ. ಅಲ್ಲಿಂದ 220 ವರ್ಷ ಇದು ಹೇಗೆ ನಿಂತಿತು? ಅದನ್ನು ಕೇಳಿ ನನ್ನನ್ನು! 814ರಲ್ಲಿ ಮೂರನೇ ಗೋವಿಂದ ಸತ್ತಾಗ ಮಗ ಅಮೋಘವರ್ಷ ಇನ್ನೂ ಹುಡುಗ. ಸಾಮಂತರು ದಂಗೆ ಎದ್ದರು. ಹುಡುಗನನ್ನು ಮತ್ತೆ ಸಿಂಹಾಸನದ ಮೇಲೆ ಕೂರಿಸಿದವನು ಗುಜರಾತಿನ ಕರ್ಕ, ಅವನ ದೊಡ್ಡಪ್ಪ ಚಿಕ್ಕಪ್ಪಂದಿರ ಕಡೆಯ ಅಣ್ಣ. ಆ ಗುಜರಾತನ್ನು ಕರ್ಕನ ಅಪ್ಪನಿಗೆ ಕೊಟ್ಟಿದ್ದು ಇದೇ ಗೋವಿಂದ. ಅಂದರೆ ಅವತ್ತು ಮನೆ ಉಳಿಸಿದ್ದು ಕೊಟ್ಟ ನಾಡೇ. ಆ ಹುಡುಗ ಮುಂದೆ 60 ವರ್ಷಕ್ಕೂ ಜಾಸ್ತಿ ಆಳಿದ. ಅವನ ಆಸ್ಥಾನದಲ್ಲಿ ಕನ್ನಡದ ಬಗ್ಗೆ ಕನ್ನಡದಲ್ಲೇ ಶಾಸ್ತ್ರ ಬರೆದರು. ನಮಗೆ ಸಿಕ್ಕಿರುವ ಮೊದಲ ಕನ್ನಡ ಗ್ರಂಥ ಅದೇ, ಕವಿರಾಜಮಾರ್ಗ.

ಇನ್ನು ಊರಿನ ಜನ. ಮಾನ್ಯಖೇಟ ಲೂಟಿಯಾದ ವರ್ಷ ನಮಗೆ ಖಚಿತವಾಗಿ ಗೊತ್ತಾಗುವುದು ಹೇಗೆ ಗೊತ್ತಾ? ಅತ್ತ ಮಾಳವದ ಧಾರಾನಗರದಲ್ಲಿ ಧನಪಾಲ ಅನ್ನುವ ಕವಿ ತನ್ನ ತಂಗಿ ಸುಂದರಿಗೆ ಅಂತ ಒಂದು ಪ್ರಾಕೃತ ನಿಘಂಟು ಬರೆದ. ಕೊನೆಯಲ್ಲಿ, ಮಾಳವದವರು ಮಾನ್ಯಖೇಟವನ್ನು ಲೂಟಿ ಮಾಡಿದ ವರ್ಷ ಇದನ್ನು ಬರೆದೆ ಅಂತ ಹೇಳಿಕೊಂಡ. ಇತ್ತ ಮಾನ್ಯಖೇಟದಲ್ಲಿ ಪುಷ್ಪದಂತ ಅನ್ನುವ ಅಪಭ್ರಂಶ ಭಾಷೆಯ ಕವಿ ಇದ್ದ. ಬಡವರಿಗೆ ಆಸರೆಯಾಗಿದ್ದ, ಹೂಬಳ್ಳಿಗಳ ಊರು ಧಾರೆಯ ರಾಜನ ಸಿಟ್ಟಿಗೆ ಸುಟ್ಟುಹೋಯಿತು, ಪುಷ್ಪದಂತ ಇನ್ನು ಎಲ್ಲಿ ಇರಬೇಕು ಅಂತ ಅವನ ಪದ್ಯ ಕೇಳುತ್ತದೆ. ಅಲ್ಲೊಬ್ಬ ತಂಗಿಗೆ ಪದಗಳ ಅರ್ಥ ಬರೆದು ಕೊಡುತ್ತಿದ್ದಾನೆ, ಇಲ್ಲೊಬ್ಬನಿಗೆ ಮನೆ ಇಲ್ಲ. ಈ ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಂಡು ಓದಿದ ದಿನ ನನಗೆ ಊಟ ಸೇರಲಿಲ್ಲ.

ಕೊನೆಗೆ ಏನಾಯಿತು ಅಂತಲೂ ಯಾರೂ ಕೇಳುವುದಿಲ್ಲ. ಕೃಷ್ಣನ ಮೊಮ್ಮಗ ಇನ್ನೊಬ್ಬ ಇದ್ದ, ನಾಲ್ಕನೇ ಇಂದ್ರ. ಮಾರಸಿಂಹ ಅವನನ್ನು ಪಟ್ಟಕ್ಕೆ ತರಲು ಒದ್ದಾಡಿದ, ಆಗಲಿಲ್ಲ. ಮಾರಸಿಂಹ ಬಂಕಾಪುರದಲ್ಲಿ ಸಲ್ಲೇಖನ ವ್ರತದಲ್ಲಿ, ಅಂದರೆ ಉಪವಾಸವಿದ್ದು, ಪ್ರಾಣ ಬಿಟ್ಟ. ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ಹಾದಿ ಹಿಡಿದ. ಸುಮಾರು ಅದೇ ಹೊತ್ತಿಗೆ ಎದುರಿನ ದೊಡ್ಡಬೆಟ್ಟದಲ್ಲಿ ಚಾವುಂಡರಾಯ ಗೊಮ್ಮಟನನ್ನು ನಿಲ್ಲಿಸುತ್ತಿದ್ದ. ಎಲ್ಲರೂ ಅಲ್ಲಿಗೆ ಹತ್ತುತ್ತಾರೆ. ನೀವು ಒಮ್ಮೆ ಚಿಕ್ಕಬೆಟ್ಟಕ್ಕೂ ಹೋಗಿ. ಗಂಧವಾರಣ ಬಸದಿಯ ಹತ್ತಿರದ ಕಂಬದಲ್ಲಿ ಇಂದ್ರನ ಶಾಸನ ಇದೆ. ರಾಜ್ಯ ಕಳೆದುಕೊಂಡ ಆ ಕೊನೆಯ ರಾಷ್ಟ್ರಕೂಟನ ಬಗ್ಗೆ ಬರೆದವನು ಬಲು ಪ್ರೀತಿಯಿಂದ ಹೊಗಳಿರುವುದು ಅವನ ಚೆಂಡಾಟವನ್ನು.